ಹೆಬ್ಬೆಟ್ಟು ಬಿಡಿಸುವವರಿಗೆ ಪಾಠ ಹೇಳುವವರು ಯಾರು?

ಸಂಜೆ ಆರರ ಹೊತ್ತು. ರಾಯಚೂರಿನ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಮೊಮ್ಮಗು ಹೊತ್ತ ಹೆಂಗಸೊಬ್ಬಳು ಬಸ್ಸಿನಿಂದ ಬಸ್ಸಿಗೆ ಓಡಾಡುತ್ತಾಳೆ. "ತಮ್ಮಾ, ಇದು ದೇವದುರ್ಗಕ್ಕ ಹೋಗ್ತದೇನು?" ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡ ತಮ್ಮ ತಲೆ ಎತ್ತದೆ "ಹ್ಞೂಂ" ಅನ್ನುತ್ತಾನೆ. ಆಕೆ ಹತ್ತಿ ಕೂರುತ್ತಾಳೆ. ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಬಂದು "ಎಲ್ಲಿಗವ್ವಾ?" ಎಂದಾಗಲೇ ಗೊತ್ತಾಗುವುದು, ಅದು ಮಾನ್ವಿ ಬಸ್ಸು ಅಂತ. ಕತ್ತಲಲ್ಲಿ ದಾರಿ ಮಧ್ಯೆ ಇಳಿಯಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೀಟು ಪುಕ್ಕಟೆಯಾಯಿತು. ಬಸ್ಸಿನ ಹಣೆಯ ಮೇಲಿನ ಬೋರ್ಡು ಓದುವ ವಿದ್ಯೆ ಮಾತ್ರ ಅದರ ಜೊತೆಗೆ ಬರಲಿಲ್ಲ.

ಅಂಗಡಿ ಸಾಹುಕಾರರಿಗೂ ಇದೇನು ಹೊಸ ಕತೆಯಲ್ಲ. ಉದ್ರಿ ಪುಸ್ತಕದಲ್ಲಿ ಬರೆದದ್ದು ಗಿರಾಕಿಗೆ ಓದಲು ಬಾರದು. ತಿಂಗಳ ಕೊನೆಗೆ "ಇಷ್ಟ್ಯಾಕ ಆತು? ನಾ ಅಷ್ಟು ಒಯ್ದಿಲ್ಲ" ಎಂಬ ಜಗಳ ತಪ್ಪಿದ್ದಲ್ಲ. ನ್ಯಾಯವಾಗಿ ಬರೆದ ಸಾಹುಕಾರನ ಮೇಲೂ ಗುಮಾನಿ, ಅನ್ಯಾಯವಾಗಿ ಬರೆದವನ ಮೇಲೂ ಅದೇ ಗುಮಾನಿ. ಬ್ಯಾಂಕಿಗೆ ಬಂದ ಗೃಹಲಕ್ಷ್ಮಿಯ 2,000 ರೂಪಾಯಿ ತೆಗೆಯಲು ಎ.ಟಿ.ಎಂ. ಮುಂದೆ ನಿಂತ ತಾಯಿ, ಗುರುತಿಲ್ಲದ ಹುಡುಗನ ಕೈಗೆ ಕಾರ್ಡು ಕೊಟ್ಟು ನಾಲ್ಕಂಕಿಯ ಗುಟ್ಟನ್ನು ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಾಳೆ. ಹುಡುಗ ಒಳ್ಳೆಯವನಾದರೆ ದುಡ್ಡು ಕೈಗೆ ಬಂತು, ಇಲ್ಲವಾದರೆ ದೇವರೇ ಗತಿ.

ಅಂಕಿ ಹೇಳುವ ಕತೆ

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ನೂರಕ್ಕೆ 75.36. ದಕ್ಷಿಣ ಕನ್ನಡ ಜಿಲ್ಲೆ 88.57ರಷ್ಟು ಮೇಲೆ ಕುಳಿತಿತ್ತು. ರಾಯಚೂರು ಜಿಲ್ಲೆಯದು 59.56. ಪಕ್ಕದ ಯಾದಗಿರಿ 51.83ರೊಂದಿಗೆ ರಾಜ್ಯಕ್ಕೇ ಕಡೆ. ರಾಯಚೂರಿನ ಹೆಂಗಸರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ 48.73. ಅಂದರೆ ಏಳು ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಂದು ಅಕ್ಷರವಿರಲಿಲ್ಲ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಅಂಕಿ ಅಷ್ಟಿಷ್ಟು ಮೇಲೆ ಬಂದಿರಬಹುದು. ಆದರೆ 2011ರಲ್ಲಿ ನಲವತ್ತು ವರ್ಷವಾಗಿದ್ದ ಆ ತಾಯಿ ಆಮೇಲೆ ತಾನಾಗಿಯೇ ಓದು ಕಲಿತಿರಲು ಸಾಧ್ಯವೇ? ಯಾರೋ ಕೂತು ಕಲಿಸಿದ್ದರೆ ಮಾತ್ರ ಉಂಟು.

ಇದಕ್ಕೆ ಚರಿತ್ರೆಯ ಕಾರಣವೂ ಇದೆ. ರಾಯಚೂರು 1948ರವರೆಗೆ ನಿಜಾಮರ ಸೀಮೆ, 1956ರವರೆಗೆ ಹೈದರಾಬಾದ್ ರಾಜ್ಯದ ಪಾಲು. ಹಳೇ ಮೈಸೂರಿನಲ್ಲಿ ವಯಸ್ಕರ ಶಿಕ್ಷಣ ಸಮಿತಿಯವರು ಹೊಸದಾಗಿ ಓದು ಕಲಿತವರಿಗೆಂದೇ 'ಬೆಳಕು' ಎಂಬ ವಾರಪತ್ರಿಕೆ ನಡೆಸಿದರು. ಈ ಕಡೆಯ ಹಳ್ಳಿಗಳಲ್ಲಿ ಕನ್ನಡ ಶಾಲೆ ಬಂದದ್ದೇ ತಡ. ತಡವಾಗಿ ಹೊರಟ ಬಸ್ಸಿಗೆ ಒಳ್ಳೆ ಡ್ರೈವರ್ ಬೇಕು. ಆ ಡ್ರೈವರ್ ಯಾರು ಎಂಬುದೇ ಈಗಿನ ಪ್ರಶ್ನೆ.

ಹೆಸರು ಬದಲಾಯಿತು, ಲಾಟೀನು ಆರಿತು

ಹಳಬರಿಗೆ ರಾತ್ರಿ ಶಾಲೆ ನೆನಪಿರಬಹುದು. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರುವಾಯಿತು. ಐದು ವರ್ಷದಲ್ಲಿ ಹತ್ತು ಕೋಟಿ ಜನಕ್ಕೆ ಅಕ್ಷರ ಕಲಿಸುವ ಗುರಿ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. 1990ರಲ್ಲಿ ಕೇರಳದ ಎರ್ನಾಕುಲಂ ಸಂಪೂರ್ಣ ಸಾಕ್ಷರ ಜಿಲ್ಲೆ ಎಂದು ಘೋಷಣೆಯಾದ ಮೇಲೆ ಊರೂರಲ್ಲಿ ಸಾಕ್ಷರತೆ ಜಾಥಾ, ಹಾಡು, ಬೀದಿ ನಾಟಕ. 2009ರ ಸೆಪ್ಟೆಂಬರ್ 8ರಂದು ಸಾಕ್ಷರ ಭಾರತ. ಗ್ರಾಮ ಪಂಚಾಯ್ತಿಗೆ ಇಬ್ಬರು ಪ್ರೇರಕರು, ತಿಂಗಳಿಗೆ 2,000 ರೂಪಾಯಿ ಗೌರವಧನ. 2018ರ ಮಾರ್ಚ್ 31ಕ್ಕೆ ಅದೂ ಮುಗಿಯಿತು. ಪ್ರೇರಕರನ್ನು ಮನೆಗೆ ಕಳಿಸಿದರು. ಎಂಟು ವರ್ಷ ಊರ ತಾಯಂದಿರ ಕೈ ಹಿಡಿದು ಬರೆಸಿದ ಅನುಭವ ಯಾರ ಲೆಕ್ಕಕ್ಕೂ ಬರಲಿಲ್ಲ.

ಆಮೇಲೆ ಬಂದದ್ದು 'ಉಲ್ಲಾಸ್' ಎಂಬ ನವ ಭಾರತ ಸಾಕ್ಷರತಾ ಕಾರ್ಯಕ್ರಮ. 2022ರಿಂದ 2027ರವರೆಗೆ ಐದು ವರ್ಷದ ಯೋಜನೆ. ಒಟ್ಟು ಖರ್ಚು 1,037.90 ಕೋಟಿ ರೂಪಾಯಿ. ಹದಿನೈದು ವರ್ಷ ಮೇಲ್ಪಟ್ಟ ಐದು ಕೋಟಿ ಜನರಿಗೆ ಅಕ್ಷರ ಕಲಿಸುವ ಗುರಿ. ಗಲ್ಲಾಪೆಟ್ಟಿಗೆ ಮುಂದೆ ಕೂತವರು ಪೆನ್ನು ಹಿಡಿದು ಭಾಗಿಸಿ ನೋಡಲಿ. ಒಬ್ಬರಿಗೆ ಬರುವುದು 207 ರೂಪಾಯಿ 58 ಪೈಸೆ. ಪುಸ್ತಕ, ತರಬೇತಿ, ಪರೀಕ್ಷೆ, ಕಚೇರಿ, ಪ್ರಚಾರ ಎಲ್ಲವೂ ಅದರೊಳಗೇ ಆಗಬೇಕು. ಇಷ್ಟು ಅಗ್ಗಕ್ಕೆ ಹೇಗೆ ಸಾಧ್ಯ? ಕಲಿಸುವವರಿಗೆ ಸಂಬಳವಿಲ್ಲ ಎಂಬುದೇ ಉತ್ತರ. ಎಲ್ಲರೂ ಸ್ವಯಂಸೇವಕರು. ಕಾಲೇಜು ಹುಡುಗ ಹುಡುಗಿಯರು, ಶಾಲೆ ಮಾಸ್ತರರು, ಊರ ಉತ್ಸಾಹಿಗಳು.

ಸೇವೆ ಕೆಟ್ಟದ್ದೆಂದು ಯಾರೂ ಹೇಳುವುದಿಲ್ಲ. ಒಂದೆರಡು ದಿನದ ಶಿಬಿರ, ಮೊಬೈಲಿನಲ್ಲಿ ಒಂದಷ್ಟು ವೀಡಿಯೊ, ಕೈಗೊಂದು ಪುಸ್ತಕ, "ಹೋಗಿ ಕಲಿಸಮ್ಮಾ" ಎಂಬ ಆಶೀರ್ವಾದ, ಇಷ್ಟಕ್ಕೆ ಮುಗಿಸುವುದು ಸರಿಯೇ ಎಂಬುದಷ್ಟೇ ಇಲ್ಲಿನ ತಕರಾರು. ಒಂದನೇ ಇಯತ್ತೆಯ ಮಗುವಿಗೆ ಅಕ್ಷರ ಕಲಿಸಲು ಸರ್ಕಾರ ಎರಡು ವರ್ಷದ ಡಿ.ಎಡ್. ಕೇಳುತ್ತದೆ. ಬಸ್ಸು ಓಡಿಸಲು ಹೆವಿ ಲೈಸೆನ್ಸು ಬೇಕು. ಔಷಧಿ ಅಂಗಡಿ ಇಡಲು ಫಾರ್ಮಸಿ ಓದಿದವರ ಸರ್ಟಿಫಿಕೇಟು ಗೋಡೆಗೆ ತೂಗು ಹಾಕಬೇಕು. ಐವತ್ತು ವರ್ಷದ ಹೆಂಗಸಿಗೆ ಅಕ್ಷರ ಕಲಿಸುವವರಿಗೆ ಮಾತ್ರ 'ಸೇವಾ ಮನೋಭಾವ' ಇದ್ದರೆ ಸಾಕಂತೆ!

ಮಗು ಬೇರೆ, ಅವ್ವ ಬೇರೆ

ದೊಡ್ಡವರಿಗೆ ಕಲಿಸುವುದು ಸುಲಭವೆಂದು ತಿಳಿದವರು ಒಂದು ದಿನ ಕಲಿಸಿ ನೋಡಬೇಕು. ಹಗಲೆಲ್ಲ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಬಂದ ಕೈ ಬಳಪ ಹಿಡಿಯಲು ಒಪ್ಪುವುದಿಲ್ಲ. ನಲವತ್ತು ದಾಟಿದ ಕಣ್ಣಿಗೆ ಹತ್ತಿರದ ಅಕ್ಷರ ಮಂಜು. ಆಕೆಗೆ ಮೊದಲು ಬೇಕಾದದ್ದು ಕನ್ನಡಕ, ಆಮೇಲೆ ಪಾಠಪುಸ್ತಕ. ಇದು ತಿಳಿಯದ ಹುಡುಗಿ "ಅಜ್ಜಿಗೆ ತಲೆಗೆ ಹತ್ತಂಗಿಲ್ಲ" ಎಂದು ಬರೆದುಬಿಡುತ್ತಾಳೆ. ತಪ್ಪು ಅಜ್ಜಿಯದೂ ಅಲ್ಲ, ಹುಡುಗಿಯದೂ ಅಲ್ಲ. ಹೇಳಿಕೊಟ್ಟವರೇ ಇಲ್ಲ.

ಮಗು ತಪ್ಪು ಬರೆದರೆ ನಗುತ್ತದೆ. ಅವ್ವ ತಪ್ಪು ಬರೆದರೆ ನಾಚುತ್ತಾಳೆ. ಸೊಸೆಯ ಮುಂದೆ ಒಮ್ಮೆ ನಾಚಿದರೆ ಮರುದಿನ ಶಾಲೆಗೆ ಬರುವುದಿಲ್ಲ. ಇನ್ನು ಆಕೆಗೆ ಏನೂ ಗೊತ್ತಿಲ್ಲವೆಂದು ತಿಳಿದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಎಂಟು ಆಳಿನ ವಾರದ ಕೂಲಿ, ಮುಂಗಡ ಕಳೆದು ಉಳಿದದ್ದು, ಸಂಘದ ಸಾಲದ ಬಡ್ಡಿ ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕಬಲ್ಲಳು. ಬರೆಯಲು ಮಾತ್ರ ಬಾರದು. ಬಲ್ಲ ಶಿಕ್ಷಕಿ ಆ ಲೆಕ್ಕದಿಂದಲೇ ಪಾಠ ಶುರು ಮಾಡುತ್ತಾಳೆ. ಪಡಿತರ ಚೀಟಿ, ಬಸ್ಸಿನ ಬೋರ್ಡು, ಬ್ಯಾಂಕಿನ ಪಾಸ್‌ಬುಕ್ಕು ಇವೇ ಅವಳ ಪಾಠಪುಸ್ತಕ. ತರಬೇತಿ ಇಲ್ಲದವಳು ಅ ಆ ಇ ಈ ಎಂದು ಐವತ್ತು ಅಕ್ಷರ ಉರು ಹೊಡೆಸಲು ಕೂರುತ್ತಾಳೆ. ಒತ್ತಕ್ಷರ ಬರುವ ಹೊತ್ತಿಗೆ ಅರ್ಧ ಶಾಲೆ ಖಾಲಿ.

ರಾಯಚೂರಿನಲ್ಲಿ ಇನ್ನೊಂದು ತೊಡಕು. ತಾಂಡಾದ ಹೆಂಗಸಿನ ಮನೆಮಾತು ಲಂಬಾಣಿ, ಗಡಿ ಹಳ್ಳಿಯದು ತೆಲುಗು, ಪೇಟೆಯ ಮೊಹಲ್ಲಾದಲ್ಲಿ ಉರ್ದು. ಆಡುವ ಮಾತು ಒಂದು, ಬರೆಯುವ ಅಕ್ಷರ ಇನ್ನೊಂದು. ಅದನ್ನು ಜೋಡಿಸುವುದು ಒಂದು ವಿದ್ಯೆ. ಅದರ ಮೇಲೆ ಗುಳೆ. ಸುಗ್ಗಿ ಮುಗಿದರೆ ಅರ್ಧ ಓಣಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಡುತ್ತದೆ. ನಾಲ್ಕು ತಿಂಗಳಾದ ಮೇಲೆ ತಿರುಗಿ ಬಂದವಳಿಗೆ ಎಲ್ಲಿಂದ ಮತ್ತೆ ಶುರು ಮಾಡಬೇಕು? ಇದಕ್ಕೆಲ್ಲ ಉತ್ತರ ಎರಡು ದಿನದ ಶಿಬಿರದಲ್ಲಿ ಸಿಗುವುದಿಲ್ಲ.

1988ರ ಮಿಷನ್ ಕಾಲದಲ್ಲೇ ತಜ್ಞರು ಮೂರು ಪುಸ್ತಕ, ಸುಮಾರು 200 ಗಂಟೆಯ ಪಾಠ ಎಂದು ಲೆಕ್ಕ ಹಾಕಿಟ್ಟಿದ್ದರು. ಕಲಿಯುವವರಿಗೆ 200 ಗಂಟೆ ಬೇಕಾದರೆ ಕಲಿಸುವವರಿಗೆ ಎಷ್ಟು ಗಂಟೆ ಬೇಕು? ಈ ಲೆಕ್ಕವನ್ನು ಯಾರೂ ಗಟ್ಟಿಯಾಗಿ ಕೇಳಿಲ್ಲ.

ಕಾಯಿದೆಯಲ್ಲಿ ಇದೆ, ಕೆಲಸದಲ್ಲಿ ಇಲ್ಲ

ತಮಾಷೆ ನೋಡಿ. ದೇಶದ ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ಕಾಯಿದೆ 1993ರದ್ದು. 'ಶಿಕ್ಷಕ ಶಿಕ್ಷಣ' ಎಂದರೇನು ಎಂದು ಹೇಳುವ ಜಾಗದಲ್ಲಿ ವಯಸ್ಕರ ಶಿಕ್ಷಣದ ಹೆಸರೂ ಅದರಲ್ಲಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಯಸ್ಕರ ಶಿಕ್ಷಣಕ್ಕೆ ಒಂದು ಅಧ್ಯಾಯವನ್ನೇ ಇಟ್ಟು, ದೊಡ್ಡವರಿಗೆ ಕಲಿಸುವವರಿಗೆ ತರಬೇತಿ ಬೇಕು ಎಂದಿದೆ. ಕಾಗದದಲ್ಲಿ ಎಲ್ಲವೂ ಉಂಟು. ಆದರೆ ಬಿ.ಎಡ್. ಕಾಲೇಜು ಬೀದಿಗೊಂದು ಇರುವ ನಾಡಿನಲ್ಲಿ, ವಯಸ್ಕರಿಗೆ ಕಲಿಸುವುದನ್ನೇ ಪದವಿಯಾಗಿ ಓದಿ ಬಂದವರನ್ನು ಹಳ್ಳಿಯಲ್ಲಿ ಹುಡುಕಿದರೆ ಸಿಕ್ಕಾರೆಯೇ?

ಪದವಿ ಎಲ್ಲೂ ಇಲ್ಲವೆಂದೇನಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ವಯಸ್ಕರ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿಯನ್ನು ದೂರಶಿಕ್ಷಣದಲ್ಲಿ ರೂಪಿಸಿದೆ. ಆದರೆ ಅದರ ಪಾಠ ಕನ್ನಡದಲ್ಲಿಲ್ಲ. ಸಿಂಧನೂರಿನ ಕ್ಯಾಂಪಿನಲ್ಲೋ ಲಿಂಗಸೂಗೂರಿನ ಹಳ್ಳಿಯಲ್ಲೋ ಕನ್ನಡದಲ್ಲಿ ಬಿ.ಎ. ಮುಗಿಸಿದ ಹುಡುಗಿಗೆ ಅದು ದೂರದ ಬೆಟ್ಟ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು 1998ರಲ್ಲೇ ಮನೆಯಲ್ಲಿ ಕೂತು ಓದುವವರಿಗೆಂದು ಬೇರೆ ವಿಭಾಗ ತೆರೆದರು. ವಯಸ್ಕರ ಶಿಕ್ಷಣದ ಸ್ನಾತಕೋತ್ತರ ಪದವಿಯನ್ನೂ ಅದರ ಮೂಲಕ ಕೊಟ್ಟರು. ಅಲ್ಲಿ ನಡೆದದ್ದು ಇಲ್ಲಿ ಕನ್ನಡದಲ್ಲಿ ಯಾಕೆ ನಡೆಯಬಾರದು?

ನಿಯಮ ಅಡ್ಡ ಬರುವುದಿಲ್ಲ. ಮಾನ್ಯತೆ ಪಡೆದ ವಿಶ್ವವಿದ್ಯಾಲಯದಿಂದ ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಪಡೆದ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯು.ಜಿ.ಸಿ.ಯ 2020ರ ನಿಯಮಾವಳಿ ಹೇಳುತ್ತದೆ. 2022ರಲ್ಲಿ ಅದನ್ನೇ ಮತ್ತೊಮ್ಮೆ ಖಚಿತಪಡಿಸಿತು. ಮೈಸೂರಿನಲ್ಲಿ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ರಾಯಚೂರಿಗೂ ಸ್ವಂತ ವಿಶ್ವವಿದ್ಯಾಲಯ ಬಂದಿದೆ. ಹೊಸ ವಿಶ್ವವಿದ್ಯಾಲಯ ತಾನೇ ಆನ್‌ಲೈನ್ ಪದವಿ ಕೊಡಬೇಕೆಂದರೆ ನ್ಯಾಕ್ ದರ್ಜೆಯೋ ರಾಷ್ಟ್ರೀಯ ಶ್ರೇಯಾಂಕವೋ ಬೇಕು, ಅದಕ್ಕೆ ಕಾಲ ಹಿಡಿಯುತ್ತದೆ. ಮೈಸೂರು ಪಾಠ ಕೊಡಲಿ, ರಾಯಚೂರು ನೆಲದ ಕೆಲಸ ನೋಡಿಕೊಳ್ಳಲಿ. ಇಬ್ಬರು ಕೂಡಿ ಮಾಡಿದರೆ ಯಾರ ಕಿರೀಟವೂ ಬಿದ್ದುಹೋಗುವುದಿಲ್ಲ.

ಈ ಜಿಲ್ಲೆಯ ತಾಲ್ಲೂಕು ಕಾಲೇಜುಗಳಲ್ಲಿ ಬಿ.ಎ. ಮುಗಿಸಿ, ಎಫ್.ಡಿ.ಎ. ಪರೀಕ್ಷೆ ಕಟ್ಟಿ, ಪೊಲೀಸ್ ಪರೀಕ್ಷೆ ಕಟ್ಟಿ, ಮನೆಯಲ್ಲಿ ಕೂತ ಹೆಣ್ಣುಮಕ್ಕಳು ಕಡಿಮೆಯೇ? ಮದುವೆಯಾದ ಮೇಲೆ ಕಲಬುರಗಿಗೋ ರಾಯಚೂರಿಗೋ ದಿನಾ ಹೋಗಿ ಎಂ.ಎ. ಓದಲು ಮನೆಯವರು ಬಿಡುವುದಿಲ್ಲ. ಕೈಯಲ್ಲೊಂದು ಫೋನು ಇದೆ. ಆ ಫೋನಿನಲ್ಲಿ ರೀಲ್ಸ್ ಬರುತ್ತದೆ, ಸೀರಿಯಲ್ ಬರುತ್ತದೆ, ಪದವಿ ಬರಬಾರದೇ?

"ಸಹಿ ಕಲಿಸಾಕ ಎಂ.ಎ. ಯಾಕ್ರೀ?"

ಕಟ್ಟೆ ಮೇಲೆ ಕೂತವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸಹಿ ಕಲಿಸಲು ಎಂ.ಎ. ಬೇಡ. ಆದರೆ ಸಹಿ ಕಲಿತ ಮಾತ್ರಕ್ಕೆ ಸಾಕ್ಷರತೆ ಬಂದಂತಲ್ಲ. ತನ್ನ ಹೆಸರಿನ ಚಿತ್ರ ಬಿಡಿಸಲು ಕಲಿತವಳು ಸಾಲದ ಪತ್ರದ ಕೆಳಗೆ ಧೈರ್ಯವಾಗಿ ಸಹಿ ಹಾಕುತ್ತಾಳೆ, ಮೇಲೆ ಬರೆದದ್ದು ಏನೆಂದು ತಿಳಿಯದು. ಹೆಬ್ಬೆಟ್ಟಾದರೂ ವಾಸಿ, ಒತ್ತುವ ಮುನ್ನ ಯಾರಾದರೂ ಓದಿ ಹೇಳುತ್ತಿದ್ದರು!

ಮತ್ತೆ, ಎಲ್ಲ ಸ್ವಯಂಸೇವಕರೂ ಪದವಿ ಮಾಡಬೇಕೆಂದು ಯಾರೂ ಕೇಳುತ್ತಿಲ್ಲ. ಪಂಚಾಯ್ತಿಗೆ ಒಬ್ಬರು ಸಾಕು. ಹಳ್ಳಿಯಲ್ಲಿ ಎಲ್ಲರೂ ಡಾಕ್ಟರಾಗಬೇಕಿಲ್ಲ, ಆದರೆ ಆಶಾ ಕಾರ್ಯಕರ್ತೆಯ ಬೆನ್ನ ಹಿಂದೆ ಒಬ್ಬ ಡಾಕ್ಟರ್ ಇರಲೇಬೇಕಲ್ಲ? ಹಾಗೆಯೇ ಹತ್ತು ಮಂದಿ ಸ್ವಯಂಸೇವಕರ ಹಿಂದೆ, ಯಾವ ಕಲಿಕೆಗಾರಳು ಎಲ್ಲಿ ಎಡವುತ್ತಿದ್ದಾಳೆ ಎಂದು ನೋಡಿ ಹೇಳುವ ಒಬ್ಬ ಓದಿದ ಶಿಕ್ಷಕಿ ಇರಬೇಕು.

"ಆನ್‌ಲೈನ್ ಅಂದರೆ ಪದವಿ ಮಾರುವ ಅಂಗಡಿ" ಎಂಬುದು ಎರಡನೇ ಆಕ್ಷೇಪ. ಅದೂ ಹುರುಳಿಲ್ಲದ್ದಲ್ಲ. 2013-14ರಿಂದ ಮುಕ್ತ ವಿಶ್ವವಿದ್ಯಾಲಯಕ್ಕೆ ಯು.ಜಿ.ಸಿ. ಮಾನ್ಯತೆ ಇಲ್ಲದೆ, 2018ರಲ್ಲಿ ಅದು ಮರಳಿ ಬರುವವರೆಗೆ ವಿದ್ಯಾರ್ಥಿಗಳು ಪಟ್ಟ ಪಾಡು ಈ ರಾಜ್ಯಕ್ಕೆ ಗೊತ್ತು. ಆದ್ದರಿಂದಲೇ ಕಟ್ಟುನಿಟ್ಟು ಬೇಕು. ಫೋನಿನಲ್ಲಿ ಪಾಠ ಕೇಳಿ, ಮನೆಯಲ್ಲಿ ಉತ್ತರ ಬರೆದು ಕಳಿಸಿ ಪದವಿ ಗಿಟ್ಟಿಸುವಂತಿರಬಾರದು. ಪದವಿ ಓದುವಷ್ಟು ಕಾಲವೂ ತನ್ನ ಊರಿನಲ್ಲೇ ರಾತ್ರಿ ಶಾಲೆ ನಡೆಸಲೇಬೇಕು ಎಂದು ಕಟ್ಟಳೆ ಹಾಕಬೇಕು. ತಿಂಗಳಿಗೊಮ್ಮೆ ಹಿರಿಯ ಶಿಕ್ಷಕರು ಬಂದು ಕತ್ತಲ ಹೊತ್ತಿನಲ್ಲೇ ಆ ಶಾಲೆ ನೋಡಬೇಕು. ಮೂರು ತಿಂಗಳ ಹಿಂದೆ ಅಕ್ಷರ ಬಾರದಿದ್ದ ಅವ್ವ ಈಗ ಒಂದು ಪುಟ ಓದುವುದನ್ನು ಫೋನಿನಲ್ಲೇ ಧ್ವನಿಮುದ್ರಣ ಮಾಡಿ ಕಳಿಸಬೇಕು. ಅದೇ ಪ್ರಾಕ್ಟಿಕಲ್, ಅದಕ್ಕೇ ಅಂಕ. ಹಾಜರಿ ಪುಸ್ತಕದಲ್ಲಿ ಇಲ್ಲದವರ ಸಹಿ ಹಾಕುವ ಹಳೆಯ ಚಾಳಿಗೆ ಇದೇ ಮದ್ದು.

ಮೂರನೆಯದು ನೆಟ್‌ವರ್ಕು. ಹಳ್ಳಿಯಲ್ಲಿ ಕಂಬದ ಮೇಲೆ ಹತ್ತಿದರೆ ಸಿಗ್ನಲ್ಲು, ಇಳಿದರೆ ಇಲ್ಲ ಎಂಬ ಸ್ಥಿತಿ ಇನ್ನೂ ಕೆಲವು ಕಡೆ ಇದೆ. ಹಾಗಾದರೆ ಪಾಠವನ್ನು ಮೊದಲೇ ಮುದ್ರಿಸಿಟ್ಟು ಬೇಕಾದಾಗ ಇಳಿಸಿಕೊಳ್ಳುವಂತೆ ಮಾಡಲಿ. ಅಚ್ಚಾದ ಪುಸ್ತಕವನ್ನೂ ಅಂಚೆಯಲ್ಲಿ ಕಳಿಸಲಿ. ತಿಂಗಳಿಗೆರಡು ಭಾನುವಾರ ತಾಲ್ಲೂಕಿನ ಡಿಗ್ರಿ ಕಾಲೇಜಿನಲ್ಲಿ ಎಲ್ಲರೂ ಮುಖಾಮುಖಿ ಕೂರಲಿ. ಹೇಗೂ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ.

ದುಡ್ಡು ಎಲ್ಲಿಂದ?

ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನವಿದೆ. ಅಭಿವೃದ್ಧಿ ಮಂಡಳಿಯ ಹೆಸರಿನಲ್ಲಿ ಬಜೆಟ್ಟಿನಲ್ಲಿ ಸಾವಿರಾರು ಕೋಟಿ ಘೋಷಣೆಯಾಗುತ್ತದೆ. ಸಿಮೆಂಟು, ಡಾಂಬರು, ಸಮುದಾಯ ಭವನಕ್ಕೆ ಹೋಗುವ ದುಡ್ಡಿನಲ್ಲಿ ಚೂರು ಪಾಲು ಕೊಟ್ಟರೆ ಪಂಚಾಯ್ತಿಗೊಬ್ಬ ಹುಡುಗಿಯ ಎರಡು ವರ್ಷದ ಫೀಸು ಕಟ್ಟಬಹುದು. ಸಮುದಾಯ ಭವನದ ಮೇಲೆ ಶಾಸಕರ ಹೆಸರು ಕೆತ್ತಿಸುತ್ತಾರೆ, ಅದನ್ನು ಓದಲು ಬರುವವರೂ ಊರಲ್ಲಿ ಬೇಕಲ್ಲ!

ಫೀಸಿಗಿಂತ ದೊಡ್ಡ ಮಾತು ಆಮೇಲಿನದು. ಪದವಿ ಮುಗಿಸಿದವಳಿಗೆ ಪಂಚಾಯ್ತಿಯ ಗ್ರಂಥಾಲಯದಲ್ಲೋ ಶಾಲೆಯಲ್ಲೋ ತಿಂಗಳ ಸಂಬಳದ ಒಂದು ಕುರ್ಚಿ ಇರದಿದ್ದರೆ ಈ ಎಲ್ಲ ಮಾತೂ ನೀರ ಮೇಲಿನ ಬರಹ. ಕೆಲಸವಿಲ್ಲದ ಪದವಿಗಳ ರಾಶಿಗೆ ಇನ್ನೊಂದು ಪದವಿ ಸೇರಿಸುವುದು ಆ ಹೆಣ್ಣುಮಕ್ಕಳಿಗೆ ಮಾಡುವ ಮೋಸ. ಮೊದಲ ಸೀಟುಗಳು 2018ರಲ್ಲಿ ಮನೆಗೆ ಹೋದ ಹಳೆಯ ಪ್ರೇರಕರಿಗೆ ಸಲ್ಲಬೇಕು. ಪದವಿ ಓದಿರದ ಪ್ರೇರಕರಿಗೆ ಮೊದಲು ಸರ್ಟಿಫಿಕೇಟು ಕೋರ್ಸು ಕೊಡಲಿ, ಮುಂದೆ ಏಣಿ ಹತ್ತಿಸಲಿ. ಅವರ ಅನುಭವಕ್ಕೆ ಪುಸ್ತಕದ ಬಲ ಸೇರಿದರೆ ಅದಕ್ಕಿಂತ ಒಳ್ಳೆಯ ಶಿಕ್ಷಕರು ಎಲ್ಲಿ ಸಿಗುತ್ತಾರೆ?

ಪರೀಕ್ಷೆಯ ಸಂಭ್ರಮವನ್ನು ಜನ ನೋಡಿದ್ದಾರೆ. ಉಲ್ಲಾಸ್ ಪರೀಕ್ಷೆ 150 ಅಂಕಕ್ಕೆ. ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50. ಸೆರಗು ಹೊದ್ದ ಅಜ್ಜಿ ಪೆನ್ನು ಹಿಡಿದ ಫೋಟೊ ಪೇಪರಿನಲ್ಲಿ ಬರುತ್ತದೆ. ಅಧಿಕಾರಿಗಳು ಪಾಸಾದವರ ಪಟ್ಟಿಯನ್ನು ಬೆಂಗಳೂರಿಗೆ ಕಳಿಸುತ್ತಾರೆ. ಎಲ್ಲ ಸರಿ. ಆದರೆ ಆರು ತಿಂಗಳಾದ ಮೇಲೆ ಅದೇ ಅಜ್ಜಿ ಬಸ್ಸಿನ ಬೋರ್ಡು ಓದುತ್ತಾಳೆಯೇ ಎಂದು ನೋಡಲು ಯಾರೂ ಬಸ್ ನಿಲ್ದಾಣಕ್ಕೆ ಬರುವುದಿಲ್ಲ. ಕಲಿತ ಅಕ್ಷರ ಬಳಸದಿದ್ದರೆ ಮರೆತುಹೋಗುತ್ತದೆ. ಮರೆಯದಂತೆ ನೋಡಿಕೊಳ್ಳಲು ಊರಲ್ಲೇ ನೆಲೆಸಿರುವ ಒಬ್ಬ ಶಿಕ್ಷಕಿ ಬೇಕು.

ಜಿಲ್ಲೆಯ ಉಸ್ತುವಾರಿ ಸಚಿವರು, ಶಾಸಕರು, ವಿಶ್ವವಿದ್ಯಾಲಯದವರು, ಲೋಕ ಶಿಕ್ಷಣ ಸಮಿತಿಯವರು ಒಂದು ಮೇಜಿನ ಸುತ್ತ ಕೂರಲಿ. ಕನ್ನಡದಲ್ಲಿ, ಫೋನಿನಲ್ಲಿ, ಊರು ಬಿಡದೆ ಓದುವ ಒಂದು ಪದವಿ. ಅದರ ಕೊನೆಗೆ ಒಂದು ಸಂಬಳದ ಕೆಲಸ. ಕೇಳುತ್ತಿರುವುದು ಇಷ್ಟೇ. ವ್ಯಾಪಾರಿಗಳ ಸಂಘದವರೂ ಸುಮ್ಮನೆ ಕೂರಬಾರದು. ಓದಬಲ್ಲ ಗಿರಾಕಿ ಲೆಕ್ಕ ಕೇಳುತ್ತಾನೆ ನಿಜ. ಆದರೆ ಲೆಕ್ಕ ಚುಕ್ತಾ ಆದ ಮೇಲೆ ಗುಮಾನಿಯನ್ನು ಮನೆಗೆ ಒಯ್ಯುವುದಿಲ್ಲ.

ಬಸ್ಸಿನಲ್ಲಿ ಈ ಪೇಪರು ಓದುತ್ತಿರುವವರ ಪಕ್ಕದಲ್ಲೇ, ಓದಲು ಬಾರದ ತಾಯಿಯೊಬ್ಬಳು ಕೂತಿರಬಹುದು. ಯಾವ ಊರಿಗೆ ಹೊರಟಿದ್ದಾಳೆ ಎಂದು ಒಂದು ಮಾತು ಕೇಳಿ. ಬಸ್ಸು ತಪ್ಪಿದ್ದರೆ ಈಗಲೇ ಇಳಿಸಿ, ಸರಿಯಾದ ಬಸ್ಸು ತೋರಿಸಿ. ಇವತ್ತಿಗೆ ಅಷ್ಟು ಸಾಕು. ನಾಳೆ ಆಕೆ ಯಾರನ್ನೂ ಕೇಳದೆ ಹತ್ತುವಂತೆ ಮಾಡುವುದು ಸರ್ಕಾರದ ಕೆಲಸ.